ಎಳೆಯರ ಶೋಕ ಮತ್ತು ಭಯದ ನೆಲೆಗಳು: ಕಲ್ಯಾಣದ ಶರಣಕಥನಗಳ ಹಿನ್ನೆಲೆಯಲ್ಲಿ ಒಂದು ಅಧ್ಯಯನ

ಪ್ರಸ್ತಾವನೆ

ಕನ್ನಡದ ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ನೀತಿ, ಮನೋರಂಜನೆ, ಭಾಷಾಕಲಿಕೆ ಎಂಬ ಮೂರು ಪ್ರಯೋಜನಗಳು ಮತ್ತೆ ಮತ್ತೆ ಪ್ರಸ್ತಾಪಗೊಳ್ಳುತ್ತವೆ. ಎಳೆಯ ಮನಸ್ಸು ಸಾವನ್ನು ಹೇಗೆ ಎದುರಿಸುತ್ತದೆ, ಅಗಲಿಕೆಯ ದುಃಖಕ್ಕೆ ಅದು ಯಾವ ಭಾಷೆಯನ್ನು ಕಂಡುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ದೊರೆತಿಲ್ಲ. ಮಗುವಿನ ಎದುರಿಗೆ ಸಾವಿನ ಮಾತು ಎತ್ತಬಾರದೆಂಬ ಲೋಕರೂಢಿ ಸಾಹಿತ್ಯದ ಮೇಲೂ ಪ್ರಭಾವ ಬೀರಿದೆ. ಆದರೆ ಸಾವು ಮಕ್ಕಳಿರುವ ಮನೆಯನ್ನು ಬಿಟ್ಟು ಹೋಗುವುದಿಲ್ಲ. ಕೋವಿಡ್ ಪಿಡುಗಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು 2021ರಲ್ಲಿ ಬಾಲಸೇವಾ ಯೋಜನೆಯನ್ನು ಪ್ರಕಟಿಸಿ, ತಿಂಗಳಿಗೆ 3,500 ರೂಪಾಯಿಗಳ ನೆರವನ್ನು ಘೋಷಿಸಿತು. ಇಂತಹ ನೆರವು ಅಗತ್ಯವಾದುದು. ಆದರೆ ಆ ಮಕ್ಕಳ ಕೈಗೆ ಕೊಡಬಹುದಾದ ಕನ್ನಡದ ಕಥೆ ಯಾವುದು ಎಂದು ಕೇಳಿದರೆ ಅಧ್ಯಾಪಕರು ತಡವರಿಸಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಸುಮಾರು ಎಂಟರಿಂದ ಹನ್ನೆರಡು ವರ್ಷದ ಓದುಗರಿಗಾಗಿ ರಚಿತವಾಗುವ ಕಾದಂಬರಿಗಳದೇ ಒಂದು ವರ್ಗವಿದೆ. ಅದರೊಳಗೆ ಭೂತಪ್ರೇತಗಳ ಭಯವನ್ನೂ ಬಾಲ್ಯದ ಶೋಕವನ್ನೂ ಒಟ್ಟಿಗೆ ಹೆಣೆಯುವ ಕೃತಿಗಳು ಗಮನಾರ್ಹ ಸ್ಥಾನವನ್ನು ಪಡೆದಿವೆ. ನೀಲ್ ಗೈಮನ್ನನ ‘ದಿ ಗ್ರೇವ್‌ಯಾರ್ಡ್ ಬುಕ್’ (2008) ಕೃತಿಯಲ್ಲಿ, ಮನೆಯವರೆಲ್ಲ ಕೊಲೆಯಾದ ಮೇಲೆ ಉಳಿದ ಕೂಸೊಂದನ್ನು ಸ್ಮಶಾನದ ಪ್ರೇತಗಳೇ ಸಾಕುತ್ತವೆ. ಶಿವೋನ್ ಡೌಡ್ ಎಂಬ ಲೇಖಕಿ ಬರೆಯಲು ಯೋಚಿಸಿ, 2007ರಲ್ಲಿ ಅವರು ತೀರಿಕೊಂಡ ಕಾರಣ ಉಳಿದುಹೋದ ವಸ್ತುವನ್ನು ಪ್ಯಾಟ್ರಿಕ್ ನೆಸ್ ‘ಎ ಮಾನ್‌ಸ್ಟರ್ ಕಾಲ್ಸ್’ (2011) ಎಂಬ ಕಾದಂಬರಿಯಾಗಿಸಿದರು. ಅಲ್ಲಿ ತಾಯಿಯ ಕ್ಯಾನ್ಸರ್ ರೋಗವನ್ನು ನೋಡುತ್ತಿರುವ ಹದಿಮೂರರ ಹುಡುಗನ ಬಳಿಗೆ ನಡುರಾತ್ರಿ ಮರವೊಂದು ದೈತ್ಯನಾಗಿ ಬರುತ್ತದೆ. ಅದು ಮೂರು ಕಥೆಗಳನ್ನು ಹೇಳುತ್ತದೆ. ನಾಲ್ಕನೆಯದನ್ನು, ಅಂದರೆ ಮುಚ್ಚಿಟ್ಟ ತನ್ನ ಸತ್ಯವನ್ನು, ಹುಡುಗನೇ ಹೇಳಬೇಕೆಂದು ಹಟ ಹಿಡಿಯುತ್ತದೆ. ದೈತ್ಯನು ತಾಯಿಯನ್ನು ಉಳಿಸುವುದಿಲ್ಲ. ಹುಡುಗನಿಂದ ಮಾತನ್ನು ಹೊರಡಿಸುವುದಷ್ಟೇ ಅವನ ಕಾರ್ಯ.

ಈ ಬಗೆಯ ಕಥನವು ಕನ್ನಡಕ್ಕೆ ಪರಕೀಯವೆಂಬ ಭಾವನೆ ಸಹಜವಾಗಿ ಮೂಡಬಹುದು. ಹನ್ನೆರಡನೆಯ ಶತಮಾನದ ಕಲ್ಯಾಣದೊಡನೆ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದೊಡನೆ, ಹೆಣೆದುಕೊಂಡ ಶರಣರ ಕಥನಗಳನ್ನು ಪರಿಶೀಲಿಸಿದರೆ ಆ ಭಾವನೆ ನಿಲ್ಲುವುದಿಲ್ಲ. ಎಳೆಯರ ಶೋಕವನ್ನು ಸಮಾಧಾನದ ಮಾತುಗಳಿಂದ ಮುಚ್ಚದೆ, ಭಯದ ನೆಲೆಯೊಂದರ ಅಂಚಿಗೆ ಒಯ್ದು, ಅಲ್ಲಿಯೇ ಅದಕ್ಕೆ ಉತ್ತರವನ್ನು ಹುಡುಕುವ ಕ್ರಮ ಈ ಕಥನಗಳಲ್ಲಿದೆ. ಸಿದ್ಧರಾಮ, ಅಲ್ಲಮಪ್ರಭು, ಮುಕ್ತಾಯಕ್ಕ ಇವರ ಕಥೆಗಳನ್ನು ಆಧರಿಸಿ ಈ ಕ್ರಮದ ಸ್ವರೂಪವನ್ನು ಗುರುತಿಸುವುದು, ಅದು ಮಕ್ಕಳ ಸಾಹಿತ್ಯಕ್ಕೆ ಹೇಗೆ ಒದಗಬಲ್ಲದೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕರುಣ ಮತ್ತು ಭಯಾನಕ: ತಾತ್ವಿಕ ಹಿನ್ನೆಲೆ

ಭರತನ ನಾಟ್ಯಶಾಸ್ತ್ರದ ಪ್ರಕಾರ ಕರುಣರಸಕ್ಕೆ ಶೋಕವೂ ಭಯಾನಕಕ್ಕೆ ಭಯವೂ ಸ್ಥಾಯೀಭಾವಗಳು. ರಸಗಳ ಉತ್ಪತ್ತಿಯನ್ನು ಹೇಳುವಾಗ ಭರತನು ರೌದ್ರದಿಂದ ಕರುಣವೂ ಬೀಭತ್ಸದಿಂದ ಭಯಾನಕವೂ ಹುಟ್ಟುತ್ತವೆ ಎನ್ನುತ್ತಾನೆ. ಕರುಣ ಮತ್ತು ಭಯಾನಕಗಳ ನಡುವೆ ಶಾಸ್ತ್ರವು ಅಂತಹ ಜನ್ಯಜನಕ ಸಂಬಂಧವನ್ನು ಹೇಳುವುದಿಲ್ಲ. ಕಾವ್ಯದ ಅನುಭವವಾದರೋ ಇವೆರಡನ್ನೂ ಬಹಳ ಹತ್ತಿರ ತಂದಿದೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಕತ್ತಲೆಯ ಕಾಡಿನಲ್ಲಿ ಹುಡುಕುವ ಚಂದ್ರಮತಿಯ ಪ್ರಸಂಗವೂ ಮುಂದಿನ ಸುಡುಗಾಡಿನ ಪ್ರಸಂಗವೂ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಆದರೆ ಅಲ್ಲಿ ಬಾಲಕನು ಶವವಾಗಿದ್ದಾನೆ, ಶೋಕಿಸುವವಳು ತಾಯಿ. ಜನಪ್ರಿಯವಾದ ಗೋವಿನ ಹಾಡಿನಲ್ಲಿ ತಾಯಿಯನ್ನು ಕಳೆದುಕೊಳ್ಳಲಿರುವ ಕರುವಿನ ಸಂಕಟ ಮನಮುಟ್ಟುವಂತಿದ್ದರೂ, ಹುಲಿಯೇ ಪ್ರಾಣ ಬಿಡುವುದರಿಂದ ಆ ಅಗಲಿಕೆ ಘಟಿಸುವುದಿಲ್ಲ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಈ ದೃಷ್ಟಿಯಿಂದ ಭಿನ್ನವಾದುದು. ಬೆಟ್ಟ ಬಾಯ್ದೆರೆದು ಮಕ್ಕಳನ್ನೆಲ್ಲ ಒಳಕ್ಕೆ ಸೇರಿಸಿಕೊಂಡು ಮುಚ್ಚಿಕೊಳ್ಳುತ್ತದೆ. ಹಿಂದುಳಿದ ಕುಂಟಬಾಲಕನೊಬ್ಬನೇ ಹೊರಗೆ ನಿಂತು ಪರಿತಪಿಸುತ್ತಾನೆ. ಒಡನಾಡಿಗಳನ್ನು ಒಮ್ಮೆಗೇ ಕಳೆದುಕೊಂಡ ಮಗುವಿನ ಶೋಕ ಅದು. ಕವನವು ಆ ಶೋಕವನ್ನು ಬೆಳೆಸದೆ ಮುಗಿಯುತ್ತದೆ. ಭೂಮಿ ಮುಚ್ಚಿಕೊಂಡ ಮೇಲೆ ಹೊರಗುಳಿದವನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಕಲ್ಯಾಣದ ಕಥನಗಳು ಮುಂದಕ್ಕೆ ಒಯ್ದಿವೆ.

2. ಕಮರಿಯ ಅಂಚಿನ ಬಾಲಕ: ಸಿದ್ಧರಾಮ

ಸೊನ್ನಲಿಗೆಯ, ಎಂದರೆ ಈಗ ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರದ ಸಿದ್ಧರಾಮನ ಬಾಲ್ಯವನ್ನು ರಾಘವಾಂಕನು ಸಿದ್ಧರಾಮಚಾರಿತ್ರದಲ್ಲಿ ನಿರೂಪಿಸಿದ್ದಾನೆ. ಹೊಲ ಕಾಯುತ್ತಿದ್ದ ಮುಗ್ಧಬಾಲಕನ ಬಳಿಗೆ ಮಲ್ಲಯ್ಯನೆಂಬ ಜಂಗಮನು ಬರುತ್ತಾನೆ. ಬಾಲಕನ ಕೈಯಿಂದ ತಿಂದು, ಮತ್ತೂ ಉಣಿಸನ್ನು ಬಯಸುತ್ತಾನೆ. ಹುಡುಗನು ಮನೆಗೆ ಓಡಿಹೋಗಿ ಊಟ ತರುವಷ್ಟರಲ್ಲಿ ಮಲ್ಲಯ್ಯ ಅಲ್ಲಿಲ್ಲ. ಇಷ್ಟು ಚಿಕ್ಕ ಘಟನೆಯಿಂದ ರಾಘವಾಂಕನು ಬಾಲಶೋಕದ ಅಪೂರ್ವ ಚಿತ್ರವನ್ನು ಕಟ್ಟುತ್ತಾನೆ. ಹುಡುಗನು ಮಲ್ಲಯ್ಯನ ಹೆಸರನ್ನು ಕೂಗುತ್ತ ಅಲೆಯುತ್ತಾನೆ, ಯಾತ್ರಿಕರ ಹಿಂದೆ ಶ್ರೀಶೈಲಕ್ಕೆ ಹೋಗುತ್ತಾನೆ. ಅವರು ಗುಡಿಯ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯ ಎಂದಾಗ ಅವನು ಒಪ್ಪುವುದಿಲ್ಲ. ತನ್ನೊಡನೆ ಮಾತನಾಡಿದವನು, ತನ್ನ ಕೈಯಿಂದ ಉಂಡವನು ಬೇಕೆಂಬುದು ಅವನ ಹಟ. ಕೊನೆಗೆ ಆಳವಾದ ಕಮರಿಯ ಅಂಚಿಗೆ ಬಂದು ಹಾರಲು ಹೊರಟಾಗ ಮಲ್ಲಿಕಾರ್ಜುನನು ಕಾಣಿಸಿಕೊಂಡು ಹಿಡಿದುಕೊಳ್ಳುತ್ತಾನೆ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಹಿರಿಯರು ನೀಡುವ ಸಮಾಧಾನವನ್ನು ಬಾಲಕನು ತಿರಸ್ಕರಿಸುತ್ತಾನೆ ಎಂಬುದು ಮೊದಲನೆಯದು. ಯಾತ್ರಿಕರು ಸುಳ್ಳು ಹೇಳಿದವರಲ್ಲ. ಶಾಸ್ತ್ರದ ದೃಷ್ಟಿಯಿಂದ ಅವರ ಮಾತು ಸರಿಯಾದುದೇ. ಆದರೂ ಕಳೆದುಹೋದ ವ್ಯಕ್ತಿಯ ಬದಲಿಗೆ ತತ್ತ್ವವನ್ನು ಮುಂದಿಟ್ಟರೆ ಮಗುವಿನ ಶೋಕ ತಣಿಯುವುದಿಲ್ಲವೆಂಬುದನ್ನು ಕವಿ ಬಲ್ಲ. ಎರಡನೆಯದಾಗಿ, ಉತ್ತರ ದೊರೆಯುವುದು ಗರ್ಭಗುಡಿಯ ಸುರಕ್ಷಿತ ಸ್ಥಳದಲ್ಲಲ್ಲ, ಭಯಂಕರವಾದ ಕಮರಿಯ ಅಂಚಿನಲ್ಲಿ. ಮುಂದೆ ಸಿದ್ಧರಾಮನು ಸೊನ್ನಲಿಗೆಗೆ ಮರಳಿ ಕೆರೆಯನ್ನು ಕಟ್ಟಿಸುತ್ತಾನೆ. ಆಳಕ್ಕೆ ಹಾರಹೊರಟ ಹುಡುಗನೇ ನೆಲವನ್ನು ಅಗೆದು ಊರಿಗೆ ನೀರು ಒದಗಿಸುವವನಾಗುತ್ತಾನೆ. ಅಲ್ಲಮನು ಸೊನ್ನಲಿಗೆಗೆ ಹೋಗಿ ಅವನನ್ನು ಕಲ್ಯಾಣಕ್ಕೆ ಕರೆತಂದನೆಂಬುದು ಶೂನ್ಯಸಂಪಾದನೆಯ ನಿರೂಪಣೆ.

3. ಹೂತ ಗುಡಿಯ ಬಾಗಿಲು: ಅಲ್ಲಮ

ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆತಂದ ಅಲ್ಲಮನೂ ಶೋಕದ ದಾರಿಯಲ್ಲೇ ಬಂದವನೆಂಬುದನ್ನು ಹರಿಹರನ ಪ್ರಭುದೇವರ ರಗಳೆ ತಿಳಿಸುತ್ತದೆ. ಬಳ್ಳಿಗಾವೆಯ ಮದ್ದಳೆಗಾರ ಯುವಕ ಅಲ್ಲಮನು ಕಮಲತೆಯನ್ನು ಒಲಿದು ಕೂಡುತ್ತಾನೆ. ಜ್ವರಕ್ಕೆ ತುತ್ತಾಗಿ ಅವಳು ಹಠಾತ್ತಾಗಿ ಸಾಯುತ್ತಾಳೆ. ಮರುಳನಂತೆ ಅವಳ ಹೆಸರನ್ನು ಕರೆಯುತ್ತ ಅಲೆದ ಯುವಕನು ಊರಾಚೆಯ ತೋಪಿನಲ್ಲಿ ತಲೆತಗ್ಗಿಸಿ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುತ್ತಾನೆ. ಆಗ ಮಣ್ಣಿನೊಳಗಿಂದ ಗುಡಿಯೊಂದರ ಹೊನ್ನಕಳಸ ತಲೆದೋರುತ್ತದೆ. ಅಗೆಸಿದಾಗ ಮುಚ್ಚಿದ ಬಾಗಿಲು ಕಾಣುತ್ತದೆ. ಅದನ್ನು ಒದ್ದು ಒಳಹೊಕ್ಕರೆ ಅಂಗೈಯಲ್ಲಿ ಲಿಂಗವನ್ನು ಹಿಡಿದು ರೆಪ್ಪೆ ಬಡಿಯದೆ ಕುಳಿತ ಅನಿಮಿಷಯ್ಯನು ಎದುರಾಗುತ್ತಾನೆ. ಅವನ ಕೈಯ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಅವನ ಪ್ರಾಣ ಹೋಗುತ್ತದೆ.

ಈ ಪ್ರಸಂಗವನ್ನು ಗುರುಕಾರುಣ್ಯದ ಸನ್ನಿವೇಶವೆಂದು ಓದುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ಶೋಕದ ಕಡೆಯಿಂದ ನೋಡಿದರೆ ಬೇರೊಂದು ಅರ್ಥವೂ ಹೊಳೆಯುತ್ತದೆ. ನೆಲವನ್ನು ಕೆರೆಯುವ ಉಗುರು ಸತ್ತವಳನ್ನೇ ಅರಸುತ್ತಿದೆ. ನೆಲ ತೆರೆದಾಗ ಅಲ್ಲಿ ಕಮಲತೆ ಇಲ್ಲ. ಜೀವವೋ ನಿರ್ಜೀವವೋ ತಿಳಿಯದಂತೆ ಕುಳಿತ ಅಪರಿಚಿತನಿದ್ದಾನೆ. ಜೊತೆಗೆ, ಕಮಲತೆಯ ಸಾವಿನಿಂದ ಓಡಿಬಂದವನ ಕಣ್ಣೆದುರಿಗೆ ಇನ್ನೊಂದು ಸಾವು ಸಂಭವಿಸುತ್ತದೆ. ಮೊದಲ ಸಾವು ಅವನನ್ನು ಬರಿಗೈಯವನನ್ನಾಗಿ ಮಾಡಿತ್ತು. ಎರಡನೆಯದು ಕೈಯಲ್ಲೊಂದು ವಸ್ತುವನ್ನಿಟ್ಟು ಹೋಗುತ್ತದೆ. ಬೆಚ್ಚಿಬೀಳಿಸುವ ಕಥೆಗೆ ಬೇಕಾದ ಹೂತ ಗುಡಿ, ಮುಚ್ಚಿದ ಬಾಗಿಲು, ಕಣ್ಣುಮಿಟುಕಿಸದ ಆಕೃತಿಗಳೆಲ್ಲ ಇಲ್ಲಿವೆ. ಇವು ಅಲಂಕಾರಕ್ಕಾಗಿ ಬಂದವುಗಳಲ್ಲ. ಶೋಕಿಸುವವನು ತನ್ನ ಶೋಕದ ಒಳಕ್ಕೆ ಇಳಿಯುವ ಮೆಟ್ಟಿಲುಗಳಾಗಿವೆ.

ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಈ ಕಥೆ ಮೂಲಭೂತವಾಗಿ ಬದಲಾಗುತ್ತದೆ. ಅಲ್ಲಿ ಅಲ್ಲಮನು ಮಾಯೆಗೆ ಸಿಲುಕದವನು. ಬನವಸೆಯ ರಾಜಕುವರಿಯಾಗಿ ಹುಟ್ಟಿದ ಮಾಯೆಯೇ ಅವನಿಗೆ ಮನಸೋತು ಸೋಲುತ್ತಾಳೆ. ಹೂತ ಗುಡಿಯ ಪ್ರಸಂಗವು ಗೊಗ್ಗಯ್ಯನ ತೋಟದ ಕಥೆಯೊಡನೆ ಸೇರುತ್ತದೆ. ಗುಡಿ ಉಳಿಯಿತು, ಅನಿಮಿಷನೂ ಉಳಿದನು. ನೆಲ ಕೆರೆಯುವಂತೆ ಮಾಡಿದ ಶೋಕ ಮಾತ್ರ ಇಲ್ಲವಾಯಿತು. ಪರಶಿವನ ಅವತಾರವಾದ ನಿರ್ಮಾಯನಿಗೆ ಶೋಕ ಒಪ್ಪದೆಂಬ ತಾತ್ವಿಕ ಕಾರಣ ಚಾಮರಸನಿಗಿತ್ತು. ಅವನ ಕಾವ್ಯದ ಹಿರಿಮೆಯನ್ನು ಇದರಿಂದ ಅಲ್ಲಗಳೆಯಬೇಕಾಗಿಲ್ಲ. ಆದರೆ ಎಳೆಯ ಓದುಗರ ದೃಷ್ಟಿಯಿಂದ ಇದೊಂದು ನಷ್ಟ. ಎಂದೂ ಅಳದ ಅಲ್ಲಮನು ಪೂಜ್ಯನಾಗುತ್ತಾನೆ. ಅಳುವ ಮಗುವಿಗೆ ಜೊತೆಗಾರನಾಗುವುದಿಲ್ಲ.

4. ಉತ್ತರಿಸುವ ಶೋಕ: ಮುಕ್ತಾಯಕ್ಕ

ಶೂನ್ಯಸಂಪಾದನೆಯ ಆರಂಭದ ಭಾಗಗಳಲ್ಲೇ ಬರುವ ಮುಕ್ತಾಯಕ್ಕನ ಪ್ರಸಂಗವು ಒಡಹುಟ್ಟಿದವನನ್ನು ಕಳೆದುಕೊಂಡವಳ ಶೋಕವನ್ನು ಕುರಿತದ್ದು. ಅವಳ ಅಣ್ಣ ಅಜಗಣ್ಣನು ಗುಪ್ತಭಕ್ತ. ಬಾಯಲ್ಲಿ ರತ್ನವನ್ನು ಅಡಗಿಸಿಕೊಳ್ಳುವ ಸರ್ಪವನ್ನು ಕಂಡು, ತಾನೂ ಲಿಂಗವನ್ನು ಬಾಯಲ್ಲಿ ಅಡಗಿಸಿಕೊಂಡನೆಂಬುದು ಅವನನ್ನು ಕುರಿತ ಐತಿಹ್ಯ. ಬಾಗಿಲ ಮೇಲಣ ದಾರಂದ ತಲೆಗೆ ಬಡಿದು ಅವನು ಸಾಯುತ್ತಾನೆ. ಅಣ್ಣನ ದೇಹದ ಬಳಿ ಪ್ರಲಾಪಿಸುತ್ತಿರುವ ಸೋದರಿಯ ಎದುರಿಗೆ ಅಲ್ಲಮನು ಬಂದು ನಿಲ್ಲುತ್ತಾನೆ.

ಮುಂದೆ ನಡೆಯುವ ಸಂವಾದವು ಕನ್ನಡದ ಅಪೂರ್ವ ಸಂವಾದಗಳಲ್ಲಿ ಒಂದು. ಅಲ್ಲಮನು ಸಾಂತ್ವನ ಹೇಳಲು ಬಂದವನಂತೆ ಮಾತನಾಡುವುದಿಲ್ಲ. ಅವನ ಮಾತುಗಳು ಬೆಡಗಿನವು, ಬೆಚ್ಚಿಸುವಂಥವು. ಅರಿವನ್ನು ಪಡೆದವನಿಗಾಗಿ ಅಳುವುದೇಕೆಂಬ ನಿಷ್ಠುರ ಪ್ರಶ್ನೆ ಅವುಗಳಲ್ಲಿದೆ. ಮುಕ್ತಾಯಕ್ಕನು ಅದಕ್ಕೆ ತಲೆಬಾಗಿ ಸುಮ್ಮನಾಗುವುದಿಲ್ಲ. ತಾನು ಕಳೆದುಕೊಂಡದ್ದು ಬರಿಯ ಒಡಹುಟ್ಟಿದವನನ್ನಲ್ಲ, ಅರಿವಿನ ದಾರಿ ತೋರಿದವನನ್ನು ಎನ್ನುತ್ತಾಳೆ. ನಿಜವನ್ನು ಅರಿತವನಿಗೆ ಇಷ್ಟೊಂದು ಮಾತೇಕೆ ಎಂದು ಅಲ್ಲಮನನ್ನೇ ಪ್ರಶ್ನಿಸುತ್ತಾಳೆ. ಮಾತಿಲ್ಲದೆ ಬದುಕಿದ ಅಣ್ಣನ ಮೌನವನ್ನು ಅವನ ಮುಂದೆ ಒರೆಗಲ್ಲಾಗಿ ಇಡುತ್ತಾಳೆ. ಶೋಕಿಸುವವಳು ಇಲ್ಲಿ ಉಪದೇಶಕ್ಕೆ ಪಾತ್ರಳಾದವಳು ಮಾತ್ರವಲ್ಲ, ವಾದಿಯೂ ಹೌದು.

ಅಲ್ಲಮನನ್ನು ಅನಿಮಿಷನ ಗುಡಿಯಿಂದ ಹೊರಬಂದವನೆಂದು ನೆನೆದು ಈ ಭಾಗವನ್ನು ಓದಿದರೆ ಅವನ ನಿಷ್ಠುರತೆಗೆ ಬೇರೆಯೇ ತೂಕ ಬರುತ್ತದೆ. ಶವದ ಎದುರಿಗೆ ನಿಲ್ಲುವುದೆಂದರೇನು ಎಂಬುದನ್ನು ಅವನು ಬಲ್ಲ. ನೆಸ್‌ನ ಕಾದಂಬರಿಯ ದೈತ್ಯನೂ ಅಲ್ಲಮನೂ ಇಲ್ಲಿ ಒಂದೇ ಕಾರ್ಯವನ್ನು ನಿರ್ವಹಿಸುತ್ತಾರೆ. ಇಬ್ಬರೂ ಭಯ ಹುಟ್ಟಿಸುತ್ತಾರೆ, ಇಬ್ಬರೂ ಸತ್ತವರನ್ನು ಬದುಕಿಸುವುದಿಲ್ಲ, ಇಬ್ಬರೂ ಮಾತನ್ನು ಹೊರಡಿಸುತ್ತಾರೆ. ವ್ಯತ್ಯಾಸವೂ ಇದೆ. ನೆಸ್‌ನ ಹುಡುಗನು ಕೊನೆಯಲ್ಲಿ ತನ್ನ ಗುಟ್ಟನ್ನು ಒಪ್ಪಿಕೊಳ್ಳುತ್ತಾನೆ; ಮುಕ್ತಾಯಕ್ಕನು ಬಂದವನ ಅರಿವನ್ನೇ ಪರೀಕ್ಷಿಸುತ್ತಾಳೆ.

ಈ ಶೋಕದ ಶಾಶ್ವತ ಗುರುತು ಅವಳ ಅಂಕಿತದಲ್ಲಿದೆ. ಬಹುಪಾಲು ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಮುಕ್ತಾಯಕ್ಕನ ವಚನಗಳು ‘ಅಜಗಣ್ಣ’ ಎಂಬ ಹೆಸರಿನಿಂದ ಮುಗಿಯುತ್ತವೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿಯ ಹೊರಗೋಡೆಯಲ್ಲಿ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳು ಬರೆಯುತ್ತಿರುವುದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಪ್ರಶಂಸೆ. ಅದೇ ಶತಮಾನದ ಮುಕ್ತಾಯಕ್ಕ ತನ್ನ ಪ್ರತಿ ವಚನದಲ್ಲೂ ಬರೆದದ್ದು ಸತ್ತ ಅಣ್ಣನ ಹೆಸರು. ಕನ್ನಡದಲ್ಲಿ ಶೋಕವು ಕಾವ್ಯವಾದ ರೀತಿಯನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

5. ನೆಲದ ನೆನಪು: ಬಸವಕಲ್ಯಾಣ ಮತ್ತು ಹುಮನಾಬಾದ್

ಈ ಕಥನಗಳು ಗ್ರಂಥಗಳಲ್ಲಷ್ಟೇ ಉಳಿದಿಲ್ಲ. ಬಸವಕಲ್ಯಾಣದಲ್ಲಿ ಪ್ರಭುದೇವರ ಗದ್ದುಗೆ, ಅಕ್ಕನಾಗಮ್ಮನ ಗವಿ, ತ್ರಿಪುರಾಂತಕ ಕೆರೆಗಳು ಇಂದಿಗೂ ಜನರ ನಡೆಯಲ್ಲಿ, ನೆನಪಿನಲ್ಲಿ ಇವೆ. ಆ ಊರಿನ ಮಗುವಿಗೆ ಬಾಗಿ ಒಳಹೋಗುವ ಗವಿಯ ಕತ್ತಲೆ, ಗದ್ದುಗೆಯ ಮುಂದಣ ಮೌನ ಹೊಸವಲ್ಲ. ಗದ್ದುಗೆ ಎಂಬ ಶಬ್ದವೇ ಪೀಠ ಮತ್ತು ಸಮಾಧಿ ಎಂಬ ಎರಡೂ ಅರ್ಥಗಳನ್ನು ಹೊತ್ತಿದೆ. ಸತ್ತವನು ಹೋದವನಲ್ಲ, ಕುಳಿತವನು ಎಂಬ ಭಾವನೆ ಅದರೊಳಗಿದೆ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, ಹುಮನಾಬಾದಿನ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳದು ಸಜೀವ ಸಮಾಧಿ ಎಂಬುದು ಭಕ್ತರ ನಂಬಿಕೆ. ಪಂಥಗಳು ಬೇರೆಯಾದರೂ, ನೆಲದೊಳಗೆ ಎಚ್ಚರವಾಗಿ ಕುಳಿತವನೆಂಬ ಕಲ್ಪನೆಯಲ್ಲಿ ಅನಿಮಿಷಯ್ಯನ ಕಥೆಯೂ ಈ ನಂಬಿಕೆಯೂ ಹತ್ತಿರದವು.

ಹುಮನಾಬಾದಿನ ವೀರಭದ್ರೇಶ್ವರನ ಆರಾಧನೆ ಇನ್ನೊಂದು ಬಗೆಯಲ್ಲಿ ಮುಖ್ಯವಾಗುತ್ತದೆ. ದಕ್ಷಯಜ್ಞದಲ್ಲಿ ಸತಿ ಪ್ರಾಣ ಬಿಟ್ಟ ಸುದ್ದಿ ಕೇಳಿದ ಶಿವನ ಜಡೆಯಿಂದ ವೀರಭದ್ರನು ಹುಟ್ಟಿದನೆಂದು ಪುರಾಣ ಹೇಳುತ್ತದೆ. ಆ ಉಗ್ರರೂಪಕ್ಕೆ ಮೂಲ ಶೋಕ. ಉತ್ತರ ಕರ್ನಾಟಕದ ವೀರಭದ್ರನ ಉತ್ಸವಗಳಲ್ಲಿ ಪುರವಂತರು ಖಡ್ಗ ಹಿಡಿದು, ಒಡಪು ಹೇಳಿ, ಶಸ್ತ್ರ ಚುಚ್ಚಿಕೊಂಡು ದಕ್ಷಯಜ್ಞದ ಕಥೆಯನ್ನು ಸಾರುವಾಗ ಹಿರಿಯರ ಹೆಗಲೇರಿದ ಮಕ್ಕಳೂ ಅದನ್ನು ನೋಡುತ್ತಾರೆ. ರೌದ್ರ, ಭಯಾನಕ, ಕರುಣಗಳು ಅಲ್ಲಿ ಒಂದೇ ದೇಹದಲ್ಲಿ ಕಾಣಿಸುತ್ತವೆ. ಭಯವನ್ನು ಮಕ್ಕಳಿಂದ ಮರೆಮಾಡಬೇಕೆಂದು ಈ ನೆಲದ ಜನಪದರು ಎಂದೂ ಭಾವಿಸಲಿಲ್ಲ. ಹಿರಿಯರು ಪಕ್ಕದಲ್ಲಿರುವಾಗ ನೋಡಬಹುದಾದ ಭಯವದು. ಮರೆಮಾಡುವ ರೂಢಿ ಬಲಗೊಂಡದ್ದು ಮುದ್ರಿತ ಪುಸ್ತಕಗಳಲ್ಲಿ.

6. ಮಕ್ಕಳ ಸಾಹಿತ್ಯಕ್ಕೆ ಒದಗುವ ಬಗೆ

ಈ ವಸ್ತುಗಳನ್ನು ಬಾಲಕಾದಂಬರಿಗೆ ಅಳವಡಿಸುವಾಗ ಕೆಲವು ತೊಡಕುಗಳು ಎದುರಾಗುತ್ತವೆ. ಒಂದು, ಇವು ಭಕ್ತಿಕಥನಗಳು; ಶರಣರನ್ನು ಕಲ್ಪಿತ ಕಥೆಯ ಪಾತ್ರಗಳಂತೆ ಬಳಸುವುದು ಶ್ರದ್ಧಾವಂತರಿಗೆ ಒಪ್ಪಿಗೆಯಾಗದಿರಬಹುದು. ಇಂದಿನ ಬಸವಕಲ್ಯಾಣದ ಅಥವಾ ಹುಮನಾಬಾದಿನ ಮಗುವೊಂದನ್ನು ನಾಯಕನನ್ನಾಗಿಸಿ, ಹಳೆಯ ಕಥೆಗಳು ಆ ಮಗುವಿಗೆ ಎದುರಾಗುವಂತೆ ಮಾಡುವುದು ಇದಕ್ಕೆ ಪರಿಹಾರವಾದೀತು. ಎರಡು, ಸಿದ್ಧರಾಮನಿಗೆ ಮಲ್ಲಯ್ಯನು ಮರಳಿ ಸಿಗುತ್ತಾನೆ; ತಾಯಿಯನ್ನು ಕಳೆದುಕೊಂಡ ಇಂದಿನ ಮಗುವಿಗೆ ತಾಯಿ ಮರಳುವುದಿಲ್ಲ. ಆತ್ಮಹತ್ಯೆಯ ಅಂಚನ್ನು ಮುಟ್ಟುವ ಆ ಪ್ರಸಂಗವನ್ನು ಎಳೆಯರಿಗಾಗಿ ನಿರೂಪಿಸುವಾಗ, ಹಾರಹೊರಟದ್ದರಿಂದ ಮಲ್ಲಯ್ಯ ಬಂದನೆಂಬ ಅರ್ಥ ಬಾರದಂತೆ ಎಚ್ಚರ ವಹಿಸಲೇಬೇಕು. ಹಿಡಿದುಕೊಂಡ ಕೈಗೂ ಆಮೇಲಿನ ಕೆರೆಗೂ ಒತ್ತು ಬೀಳಬೇಕು. ಮೂರು, ಅಲ್ಲಮ ಕಮಲತೆಯರದು ಪ್ರಣಯದ ಕಥೆ. ಹತ್ತರ ವಯಸ್ಸಿನವರಿಗೆ ಮುಕ್ತಾಯಕ್ಕ ಅಜಗಣ್ಣರ ಕಥೆ ಹೆಚ್ಚು ಹತ್ತಿರವಾದುದು.

ತರಗತಿಯ ನೆಲೆಯಲ್ಲೂ ಈ ಓದಿಗೆ ಉಪಯೋಗವಿದೆ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಮುಕ್ತಾಯಕ್ಕನ ಪ್ರಸಂಗವನ್ನು ತತ್ತ್ವಚರ್ಚೆಯಾಗಿ ಮಾತ್ರ ಬೋಧಿಸಿದರೆ, ಎದುರಿಗಿರುವ ಶವ ಮರೆಗೆ ಸರಿಯುತ್ತದೆ. ಹರಿಹರ ಮತ್ತು ಚಾಮರಸರ ಅಲ್ಲಮರನ್ನು ಅಕ್ಕಪಕ್ಕದಲ್ಲಿಟ್ಟು, ಒಬ್ಬ ಕವಿ ಶೋಕವನ್ನು ಏಕೆ ಇರಿಸಿಕೊಂಡ, ಇನ್ನೊಬ್ಬ ಏಕೆ ಕಳೆದ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಬಹುದು. ಆ ತರಗತಿಗಳಲ್ಲಿ ಕುಳಿತವರಲ್ಲಿ ಇತ್ತೀಚೆಗೆ ತಮ್ಮವರನ್ನು ಕಳೆದುಕೊಂಡವರೂ ಇರುತ್ತಾರೆ. ಅವರಲ್ಲಿ ಹಲವರು ನಾಳೆ ಶಾಲಾಶಿಕ್ಷಕರಾಗುವವರು. ಹಿರಿಯರು ಹೇಳಿದ ಸಮಾಧಾನವನ್ನು ಒಪ್ಪದ ಬಾಲಕನ ಕಥೆ, ಉಪದೇಶಕ್ಕೆ ಎದುರುತ್ತರ ಕೊಟ್ಟ ಸೋದರಿಯ ಕಥೆ ತಮ್ಮ ಪರಂಪರೆಯಲ್ಲೇ ಇದೆಯೆಂಬ ಅರಿವು ಅವರಿಗೆ ಅಗತ್ಯ.

ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ಫಲಿತಗಳನ್ನು ಹೀಗೆ ಸಂಗ್ರಹಿಸಬಹುದು. ಎಳೆಯರ ಶೋಕವನ್ನು ಭಯದ ನೆಲೆಯಲ್ಲಿಟ್ಟು ಶೋಧಿಸುವ ಕಥನಕ್ರಮ ಕನ್ನಡಕ್ಕೆ ಹೊರಗಿನದಲ್ಲ. ಹರಿಹರ, ರಾಘವಾಂಕ ಮತ್ತು ಶೂನ್ಯಸಂಪಾದನಕಾರರಲ್ಲಿ ಅದು ಸಿದ್ಧರೂಪದಲ್ಲಿಯೇ ಇದೆ. ಈ ಕಥನಗಳಲ್ಲಿ ಕಮರಿ, ಹೂತ ಗುಡಿ, ಶವ ಎಂಬ ಭಯದ ನೆಲೆಗಳು ಶೋಕವನ್ನು ಮುಚ್ಚದೆ ತೆರೆಯುತ್ತವೆ. ಶೋಕದ ಕೊನೆಗೆ ಮರೆವು ಬರುವುದಿಲ್ಲ; ಒಬ್ಬನಿಗೆ ಕೆರೆ, ಒಬ್ಬನಿಗೆ ಕೈಯ ಲಿಂಗ, ಒಬ್ಬಳಿಗೆ ಅಂಕಿತ ದೊರೆಯುತ್ತದೆ. ನಂತರದ ನಿರೂಪಣೆಯಲ್ಲಿ ತಾತ್ವಿಕ ಕಾರಣಕ್ಕಾಗಿ ಅಲ್ಲಮನ ಶೋಕ ಮರೆಯಾದುದು ಎಳೆಯ ಓದುಗರ ಮಟ್ಟಿಗೆ ಕೊರತೆಯಾಗಿ ಉಳಿದಿದೆ. ಆ ಕೊರತೆಯನ್ನು ತುಂಬುವ ಬಾಲಕಾದಂಬರಿಗೆ ಬೇಕಾದ ವಸ್ತುವೂ ನೆಲವೂ ಬಸವಕಲ್ಯಾಣ ಮತ್ತು ಹುಮನಾಬಾದ್ ಪರಿಸರದಲ್ಲಿ ಇವೆ. ಅದನ್ನು ಬರೆಯುವವರು, ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಲು ಮಗುವಿಗೆ ಅವಕಾಶ ಕೊಡುವುದನ್ನು ಮುಕ್ತಾಯಕ್ಕನಿಂದ ಕಲಿಯಬಹುದು.